ಪ್ರೀ-ಮೆಡ್‌ಗೆ ಯಾವ ಕಾಲೇಜು? ಅಮೆರಿಕದ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

"ಮಗಳು ಹನ್ನೊಂದನೇ ಕ್ಲಾಸು. ಡಾಕ್ಟರ್ ಆಗ್ತೀನಿ ಅಂತಾಳೆ. ಯಾವ ಕಾಲೇಜಿಗೆ ಹಾಕೋಣ?" ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ. ಎಲೆ ಮುಂದೆ ಕೂರುವಷ್ಟರಲ್ಲಿ ಹತ್ತು ಉತ್ತರ ಸಿಕ್ಕಿರುತ್ತವೆ. ಐವಿ ಲೀಗ್ ಸಿಕ್ಕರೆ ಬಿಡಬೇಡಿ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡಿಸಿ, ಸೇಫ್. ಊರಿಗೆ ಕಳಿಸಿ ಎಂಬಿಬಿಎಸ್ ಮುಗಿಸಿಬಿಡಿ. ಹೇಳುವವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹೆಚ್ಚಿನವರು ಈ ದಾರಿಯಲ್ಲಿ ನಡೆದವರಲ್ಲ.

ನಮ್ಮ ಡಾಕ್ಟರ್ ಅಂಕಲ್‌ಗಳೂ ಅಷ್ಟೇ. ಮೈಸೂರು ಮೆಡಿಕಲ್ ಕಾಲೇಜು, ಹುಬ್ಬಳ್ಳಿಯ ಕಿಮ್ಸ್, ದಾವಣಗೆರೆಯ ಜೆಜೆಎಂ, ಬೆಳಗಾವಿಯ ಜೆಎನ್‌ಎಂಸಿಯಲ್ಲಿ ಎಂಬಿಬಿಎಸ್ ಮುಗಿಸಿ, ಆಮೇಲೆ ಅಮೆರಿಕದ ಡಾಕ್ಟರ್ ಲೈಸೆನ್ಸಿನ ಪರೀಕ್ಷೆ ಯುಎಸ್‌ಎಂಎಲ್‌ಇ ಬರೆದು, ಆಸ್ಪತ್ರೆಯ ತರಬೇತಿಯಾದ ರೆಸಿಡೆನ್ಸಿಗೆ ಬಂದವರು ಅವರು. ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಅವರು ಬರೆದಿಲ್ಲ. ಪ್ರೀ-ಮೆಡ್ ಅರ್ಜಿ ಅವರು ತುಂಬಿಲ್ಲ. ಅವರ ಕ್ಲಿನಿಕ್ಕಿನಲ್ಲಿ ಮಗಳು ಕೆಲವು ದಿನ ಪಕ್ಕದಲ್ಲಿ ನಿಂತು ನೋಡಬಹುದಾ ಅಂತ ಕೇಳಿ, ಅದು ತುಂಬ ಬೆಲೆಯ ಸಹಾಯ. ಕಾಲೇಜು ಆರಿಸುವ ಸಲಹೆಯನ್ನು ಮಾತ್ರ ಬೇರೆ ಕಡೆ ಕೇಳಿ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಗ್ರೇಡು ಮೇಲೆ ಉಳಿಯುವ ಕಡೆ, ಮನೆಯ ದುಡ್ಡು ಮೆಡಿಕಲ್ ಸ್ಕೂಲಿಗೆ ಮಿಗುವ ಕಡೆ, ರೋಗಿಗಳ ಜೊತೆ ನಾಲ್ಕು ಮಾತಾಡಲು ಅವಕಾಶ ಇರುವ ಕಡೆ ಸೇರಿಸಿ. ಹೆಸರು ಇವೆಲ್ಲ ಆದ ಮೇಲೆ.

ಪ್ರೀ-ಮೆಡ್ ಅನ್ನುವುದು ಏನು

ಕರ್ನಾಟಕದಲ್ಲಿ ಪಿಯುಸಿ, ನೀಟ್, ಕೆಇಎ ಕೌನ್ಸೆಲಿಂಗ್, ಹದಿನೆಂಟಕ್ಕೆ ಎಂಬಿಬಿಎಸ್. ಅಮೆರಿಕದಲ್ಲಿ ಹಾಗಿಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲು, ಅದರ ಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ. ಆ ಮೊದಲ ನಾಲ್ಕು ವರ್ಷದಲ್ಲಿ ಮೆಡಿಕಲ್‌ಗೆ ತಯಾರಾಗುವುದಕ್ಕೆ ಪ್ರೀ-ಮೆಡ್ ಎನ್ನುತ್ತಾರೆ. ಹೆಚ್ಚಿನ ಕಡೆ ಅದೊಂದು ಡಿಗ್ರಿಯೇ ಅಲ್ಲ. ಯಾವ ಮೇಜರ್ ಬೇಕಾದರೂ ತೆಗೆದುಕೊಂಡು, ಜೊತೆಗೆ ಕೆಲವು ಕೋರ್ಸು ಮುಗಿಸಬೇಕು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಸಾಮಾನ್ಯವಾಗಿ ಒಂದೊಂದು ವರ್ಷ, ಲ್ಯಾಬ್ ಸಮೇತ. ಬಯೋಕೆಮಿಸ್ಟ್ರಿ ಒಂದು ಸೆಮಿಸ್ಟರ್. ಮೇಲೆ ಇಂಗ್ಲಿಷ್, ಸ್ಟಾಟಿಸ್ಟಿಕ್ಸ್, ಸೈಕಾಲಜಿ, ಸೋಷಿಯಾಲಜಿ. ಇವು ದೊಡ್ಡ ಯೂನಿವರ್ಸಿಟಿ, ಸಣ್ಣ ಕಾಲೇಜು ಎರಡರಲ್ಲೂ ಸಿಗುತ್ತವೆ. ಹಾಗಾಗಿ "ಪ್ರೀ-ಮೆಡ್‌ಗೆ ನಂಬರ್ ಒನ್ ಕಾಲೇಜು" ಅಂತ ಯಾರಾದರೂ ಪಟ್ಟಿ ಕಳಿಸಿದರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಸ್ಪರ್ಧೆ ಎಷ್ಟು ಅಂದರೆ, ಎಂಡಿ ಮೆಡಿಕಲ್ ಸ್ಕೂಲುಗಳಿಗೆ ವರ್ಷಕ್ಕೆ ಸುಮಾರು 52,000 ಮಂದಿ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23,000. ಸೇರಿದವರ ಸರಾಸರಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡು) 3.8ರ ಹತ್ತಿರ. ಎಂಕ್ಯಾಟ್ 472ರಿಂದ 528ರವರೆಗಿನ ಪರೀಕ್ಷೆ, ಅದರಲ್ಲಿ ಇವರ ಸರಾಸರಿ 511, 512. ಇದು ಎಂಡಿ ಲೆಕ್ಕ. ಡಾಕ್ಟರ್ ಆಗಲು ಇರುವ ಇನ್ನೊಂದು ಡಿಗ್ರಿ ಡಿಒ (ಆಸ್ಟಿಯೋಪತಿ). ಅದರ ಸ್ಕೂಲುಗಳು ಬೇರೆ, ಅವು ಸುಮಾರು 40 ಇವೆ. 2020ರಿಂದ ಎರಡೂ ಡಿಗ್ರಿಯವರಿಗೆ ರೆಸಿಡೆನ್ಸಿ ವ್ಯವಸ್ಥೆ ಒಂದೇ. ಡಿಒ ಎಂದರೆ ಮುಖ ತಿರುಗಿಸುವ ಚಾಳಿ ನಮ್ಮವರಲ್ಲಿ ಇನ್ನೂ ಇದೆ, ಅದಕ್ಕೆ ಕಾರಣವಿಲ್ಲ.

ಹೆಜ್ಜೆ 1: ವೀಸಾ ಕಾಗದ ಮೊದಲು ತೆಗೆಯಿರಿ

ಮಗು ಇಲ್ಲೇ ಹುಟ್ಟಿದ್ದರೆ ಈ ಭಾಗದ ಕೊನೆಯ ಪ್ಯಾರಾ ಮಾತ್ರ ಓದಿ ಮುಂದೆ ಹೋಗಿ. ಗ್ರೀನ್ ಕಾರ್ಡ್ ಬಂದಿದ್ದರೂ ಹಾಗೆಯೇ.

ಬೆಂಗಳೂರಿನಲ್ಲಿ ಹುಟ್ಟಿ, ನಿಮ್ಮ ಎಚ್-1ಬಿ ಜೊತೆ ಎಚ್-4ನಲ್ಲಿ ಬಂದ ಮಗುವಾದರೆ ಇದು ಎಲ್ಲಕ್ಕಿಂತ ದೊಡ್ಡ ವಿಷಯ. ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಪ್ಪತ್ತೊಂದು ಅಂದರೆ ಸಾಮಾನ್ಯವಾಗಿ ಡಿಗ್ರಿಯ ಮೂರನೇ ವರ್ಷ, ಅಂದರೆ ಸರಿಯಾಗಿ ಮೆಡಿಕಲ್ ಅರ್ಜಿಯ ಹೊತ್ತು. ಆಗ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಮಗು ಅಂತಾರಾಷ್ಟ್ರೀಯ ವಿದ್ಯಾರ್ಥಿ. ಬಹಳಷ್ಟು ಮೆಡಿಕಲ್ ಸ್ಕೂಲುಗಳು, ಅದರಲ್ಲೂ ಸರ್ಕಾರಿ ಸ್ಕೂಲುಗಳು, ಅಂಥವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಹಾರ್ವರ್ಡ್, ಯೇಲ್, ಜಾನ್ಸ್ ಹಾಪ್‌ಕಿನ್ಸ್‌ನಂಥ ಕೆಲವು ಖಾಸಗಿ ಸ್ಕೂಲುಗಳು ತೆಗೆದುಕೊಳ್ಳುತ್ತವೆ. ಆದರೆ ಫೆಡರಲ್ ಸಾಲ ಸಿಗುವುದಿಲ್ಲ. ನಾಲ್ಕೂ ವರ್ಷದ ದುಡ್ಡನ್ನು ಮೊದಲೇ ಎಸ್ಕ್ರೋ ಖಾತೆಯಲ್ಲಿ ಇಡಿ ಎನ್ನುವ ಸ್ಕೂಲುಗಳೂ ಇವೆ.

ಇಂಥ ಮನೆಯವರು ಎರಡು ಕೆಲಸ ಮಾಡಿ. ಒಂದು, ವಲಸೆ ವಕೀಲರ ಹತ್ತಿರ ಕೂತು ಮಗುವಿನ ವಯಸ್ಸಿನ ಲೆಕ್ಕ ಬರೆಸಿಕೊಳ್ಳಿ. ವಯಸ್ಸು ಲೆಕ್ಕ ಹಾಕುವಾಗ ಮಕ್ಕಳಿಗೆ ಸ್ವಲ್ಪ ರಿಯಾಯಿತಿ ಕೊಡುವ ಕಾನೂನು ಇದೆ, ಅದು ನಿಮ್ಮ ಕೇಸಿಗೆ ಹೊಂದುತ್ತದಾ ಕೇಳಿ. ಎರಡು, ಎಚ್-4 ಮಕ್ಕಳಿಗೆ ಇನ್-ಸ್ಟೇಟ್ ಫೀ (ರಾಜ್ಯದವರಿಗಿರುವ ಕಡಿಮೆ ಫೀ) ಹಾಕುವ ರಾಜ್ಯ ಎಫ್-1 ಆದಮೇಲೂ ಅದನ್ನೇ ಹಾಕುತ್ತದಾ ಅಂತ, ಯಾರು ಯಾವ ರಾಜ್ಯದವರು ಎಂದು ತೀರ್ಮಾನಿಸುವ ಕಾಲೇಜಿನ ರೆಸಿಡೆನ್ಸಿ ಆಫೀಸಿನಿಂದ ಈಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಫೋನಿನ ಮಾತು ಸಾಲದು.

ಊರಿಗೆ ಕಳಿಸಿ ಎಂಬಿಬಿಎಸ್ ಎನ್ನುವುದೂ ಒಂದು ದಾರಿಯೇ. ಅದಕ್ಕೆ ನೀಟ್ ಬರೆಯಲೇಬೇಕು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ವಾಪಸ್ ಬರಲು ಯುಎಸ್‌ಎಂಎಲ್‌ಇ ಮತ್ತು ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್ ಎರಡೂ ಆಗಬೇಕು. ಒಸಿಐ ಕಾರ್ಡು 2021ರ ಮಾರ್ಚ್ 4ರ ನಂತರ ಸಿಕ್ಕಿದ್ದರೆ ಎನ್‌ಆರ್‌ಐ ಸೀಟಿಗೆ ಮಾತ್ರ ಅರ್ಹತೆ.

ಹೆಜ್ಜೆ 2: ನೀವು ಯಾವ ರಾಜ್ಯದವರು?

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಸರ್ಕಾರಿ ಮೆಡಿಕಲ್ ಸ್ಕೂಲುಗಳು ತಮ್ಮ ರಾಜ್ಯದವರಿಗೆ ಮೊದಲ ಮಣೆ ಹಾಕುತ್ತವೆ. ಟೆಕ್ಸಾಸ್‌ನ ಸರ್ಕಾರಿ ಸ್ಕೂಲುಗಳಲ್ಲಿ ಹೊರಗಿನವರಿಗೆ ಹೆಚ್ಚೆಂದರೆ ಶೇಕಡಾ 10 ಸೀಟು. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ತನ್ನ ರಾಜ್ಯದ ಜೊತೆ ವಯೋಮಿಂಗ್, ಅಲಾಸ್ಕಾ, ಮೊಂಟಾನಾ, ಐಡಾಹೊದವರನ್ನು ಮುಖ್ಯವಾಗಿ ನೋಡುತ್ತದೆ. ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡದವರು ಈ ವಿಷಯದಲ್ಲಿ ಅದೃಷ್ಟವಂತರು, ರಾಜ್ಯದೊಳಗೇ ಸೀಟು ಬೇಕಾದಷ್ಟಿವೆ. ಬೇ ಏರಿಯಾದವರಿಗೆ ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿದಾರರು ವಿಪರೀತ, ಬಹಳ ಮಕ್ಕಳು ಮೆಡಿಕಲ್‌ಗೆ ರಾಜ್ಯ ಬಿಟ್ಟು ಹೋಗುತ್ತಾರೆ.

ಡಿಗ್ರಿಗೆ ಬೇರೆ ರಾಜ್ಯಕ್ಕೆ ಹೋದರೆ ಮಗು ಆ ರಾಜ್ಯದ ನಿವಾಸಿ ಆಗಿಬಿಡುತ್ತದೆ ಎಂದುಕೊಳ್ಳಬೇಡಿ. ಓದಲು ಹೋದದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಅಪ್ಪ ಅಮ್ಮ ಇರುವ ರಾಜ್ಯವೇ ಉಳಿಯುತ್ತದೆ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ, ಎಂಎಸ್‌ಎಆರ್ ಎಂಬ ಮಾಹಿತಿ ಕೋಶ ನಡೆಸುತ್ತದೆ. ಪ್ರತಿ ಸ್ಕೂಲು ಎಷ್ಟು ಜನ ಒಳಗಿನವರನ್ನು, ಎಷ್ಟು ಜನ ಹೊರಗಿನವರನ್ನು ತೆಗೆದುಕೊಂಡಿತು, ಅಂತಾರಾಷ್ಟ್ರೀಯ ವಿದ್ಯಾರ್ಥಿಗಳನ್ನು ಪರಿಗಣಿಸುತ್ತದಾ, ಎಲ್ಲ ಅಲ್ಲಿದೆ. ಪೂರ್ತಿ ನೋಡಲು ಸ್ವಲ್ಪ ದುಡ್ಡು ಕೊಡಬೇಕು. ಖಾಸಗಿ ಕನ್ಸಲ್ಟೆಂಟಿಗೆ ಸಾವಿರಗಟ್ಟಲೆ ಕೊಡುವ ಮೊದಲು ಇಷ್ಟು ಮಾಡಿ.

ಹೆಜ್ಜೆ 3: ಎಂಟು ವರ್ಷದ ಲೆಕ್ಕ ಬರೆಯಿರಿ

ಹೆಚ್ಚಿನವರು ನಾಲ್ಕು ವರ್ಷದ ಲೆಕ್ಕ ಹಾಕುತ್ತಾರೆ. ತಪ್ಪುವುದು ಅಲ್ಲೇ.

ಹೆಸರುವಾಸಿ ಖಾಸಗಿ ಯೂನಿವರ್ಸಿಟಿಯಲ್ಲಿ ಫೀ, ರೂಮು, ಊಟ ಎಲ್ಲ ಸೇರಿ ಈಗ ವರ್ಷಕ್ಕೆ 90,000 ಡಾಲರ್ ಆಚೀಚೆ. ನಿಮ್ಮ ರಾಜ್ಯದ ಯೂನಿವರ್ಸಿಟಿ 30,000 ಅಂದುಕೊಳ್ಳಿ. ವ್ಯತ್ಯಾಸ ನಾಲ್ಕು ವರ್ಷಕ್ಕೆ 2,40,000. ಸರ್ಕಾರಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಒಟ್ಟು ಖರ್ಚು ಸಾಮಾನ್ಯವಾಗಿ ಎರಡೂಮುಕ್ಕಾಲು ಲಕ್ಷ ಡಾಲರ್ ದಾಟುತ್ತದೆ. ಅಂದರೆ ಡಿಗ್ರಿಯಲ್ಲಿ ಉಳಿಸಿದ ದುಡ್ಡಿಗೇ ಮೆಡಿಕಲ್ ಸ್ಕೂಲಿನ ಬಹುಪಾಲು ಮುಗಿಯಿತು.

ಇದು ಮೊದಲಿಗಿಂತ ಈಗ ಜಾಸ್ತಿ ಮುಖ್ಯ. 2025ರ ಜುಲೈನಲ್ಲಿ ಬಂದ ಕಾನೂನಿನಿಂದ ಫೆಡರಲ್ ಸಾಲದ ನಿಯಮ ಬದಲಾಗಿದೆ. ಮೊದಲು ಗ್ರ್ಯಾಡ್ ಪ್ಲಸ್ ಎಂಬ ಸಾಲದಲ್ಲಿ ಮೆಡಿಕಲ್ ಸ್ಕೂಲಿನ ಪೂರ್ತಿ ಖರ್ಚು ತುಂಬಿಸಿಕೊಳ್ಳಬಹುದಿತ್ತು. 2026ರ ಜುಲೈ 1ರಿಂದ ಹೊಸಬರಿಗೆ ಅದಿಲ್ಲ. ಮೆಡಿಕಲ್ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಮಿತಿ. ಅಪ್ಪ ಅಮ್ಮ ತೆಗೆಯುವ ಪೇರೆಂಟ್ ಪ್ಲಸ್ ಸಾಲಕ್ಕೂ ಮಿತಿ ಬಂತು, ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000. ಉಳಿದದ್ದಕ್ಕೆ ಕೈಯಿಂದ ಹಾಕಬೇಕು, ಇಲ್ಲವೇ ಖಾಸಗಿ ಬ್ಯಾಂಕಿನ ಬಾಗಿಲು ತಟ್ಟಬೇಕು.

ಹಾಗಾಗಿ ಸ್ಕಾಲರ್‌ಶಿಪ್ ಹುಡುಕಿ. ಜಾರ್ಜಿಯಾದವರಿಗೆ ಹೋಪ್ ಮತ್ತು ಜೆಲ್ ಮಿಲ್ಲರ್ ಇವೆ. ಫ್ಲಾರಿಡಾದಲ್ಲಿ ಬ್ರೈಟ್ ಫ್ಯೂಚರ್ಸ್ ಇದೆ. ಮಗು ನ್ಯಾಷನಲ್ ಮೆರಿಟ್ ಎಂಬ ಸ್ಕಾಲರ್‌ಶಿಪ್ ಸ್ಪರ್ಧೆಯಲ್ಲಿ ಫೈನಲಿಸ್ಟ್ ಆದರೆ ಯೂನಿವರ್ಸಿಟಿ ಆಫ್ ಅಲಬಾಮಾ, ಯುಟಿ ಡಲ್ಲಾಸ್‌ನಂಥವು ಕೊಡುವ ಪ್ಯಾಕೇಜು ನೋಡಿ, ಬೆರಗಾಗುತ್ತೀರಿ. "ಅಲಬಾಮಾನಾ?" ಎಂದು ಮೂಗು ಮುರಿಯುವ ನೆಂಟರಿಗೆ ಉತ್ತರ ಕೊಡುತ್ತಾ ಕೂರಬೇಡಿ.

ಇದಕ್ಕೊಂದು ಅಪವಾದ ಇದೆ. ಆದಾಯ ಕಡಿಮೆ ಇರುವ ಮನೆಗೆ ದೊಡ್ಡ ಹೆಸರಿನ ಕಾಲೇಜೇ ಅಗ್ಗವಾಗಬಹುದು. ಹಾರ್ವರ್ಡ್ 2025-26ರಿಂದ ವರ್ಷಕ್ಕೆ 2,00,000 ಡಾಲರ್‌ವರೆಗೆ ಆದಾಯ ಇರುವ ಮನೆಗಳ ಮಕ್ಕಳಿಗೆ ಟ್ಯೂಷನ್ ಫೀ ಬಿಟ್ಟುಕೊಟ್ಟಿದೆ, ಆಸ್ತಿ ಮಾಮೂಲಿ ಮಟ್ಟದಲ್ಲಿದ್ದರೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರಿನಲ್ಲಿ ದುಡಿಯುವ ಮನೆಗೆ ಇದು ತಾಗುವುದು ಕಡಿಮೆ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇದೆ. ಅರ್ಜಿ ಹಾಕುವ ಮೊದಲೇ ನಿಮ್ಮ ಅಂಕಿ ಹಾಕಿ ನೋಡಿ. ಅರ್ಲಿ ಡಿಸಿಷನ್ ಹಾಕುವ ಮೊದಲಂತೂ ನೋಡಲೇಬೇಕು, ಅದರಲ್ಲಿ ಸೀಟು ಬಂದರೆ ಬೇರೆ ಕಾಲೇಜಿನ ಜೊತೆ ಹೋಲಿಸಿ ಆರಿಸುವ ಅವಕಾಶವೇ ಹೋಗುತ್ತದೆ.

ಹೆಜ್ಜೆ 4: ಗ್ರೇಡು ಉಳಿಯುತ್ತದಾ ನೋಡಿ

ಮೆಡಿಕಲ್ ಅರ್ಜಿಯಲ್ಲಿ ಎರಡು ಜಿಪಿಎ ಕಾಣುತ್ತವೆ, ಒಟ್ಟಿನದು ಮತ್ತು ಸೈನ್ಸ್-ಗಣಿತದ್ದು. ಎಎಎಂಸಿಯ ಆಮ್ಕ್ಯಾಸ್ ಅರ್ಜಿಯಲ್ಲಿ ಒಂದು ಕೋರ್ಸನ್ನು ಎರಡನೇ ಸಲ ತೆಗೆದುಕೊಂಡರೂ ಹಳೆಯ ಗ್ರೇಡು ಅಳಿಯುವುದಿಲ್ಲ, ಎರಡೂ ಸೇರುತ್ತವೆ. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದ ಡ್ಯುಯಲ್ ಎನ್‌ರೋಲ್‌ಮೆಂಟ್ ಕೋರ್ಸಿನ ಗ್ರೇಡು ಕೂಡ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಹತ್ತನೇ ಕ್ಲಾಸಿನ ಮಗುವನ್ನು ಸುಮ್ನೆ ಅದಕ್ಕೆ ಸೇರಿಸುವ ಮೊದಲು ಯೋಚಿಸಿ.

ಕೆಲವು ಕಡೆ ಜನರಲ್ ಕೆಮಿಸ್ಟ್ರಿ ಕ್ಲಾಸಿನಲ್ಲಿ ಮುನ್ನೂರು ನಾನೂರು ಮಕ್ಕಳು. ಎಲ್ಲರೂ ತಮ್ಮ ಹೈಸ್ಕೂಲಿನಲ್ಲಿ ಮೊದಲಿಗರು. ಕರ್ವ್ ಮೇಲೆ, ಅಂದರೆ ಕ್ಲಾಸಿನ ಮಿಕ್ಕವರ ಜೊತೆ ಹೋಲಿಸಿ, ಗ್ರೇಡು ಕೊಟ್ಟರೆ ಯಾರಿಗಾದರೂ ಸಿ ಬರಲೇಬೇಕು. ಪ್ರಿನ್ಸ್‌ಟನ್‌ನಲ್ಲಿ 2004ರಿಂದ 2014ರವರೆಗೆ ಎ ಗ್ರೇಡುಗಳು ಶೇಕಡಾ 35ರಷ್ಟಿರಲಿ ಎಂಬ ನೀತಿಯೇ ಇತ್ತು. ಇನ್ನೊಂದು ತುದಿಯಲ್ಲಿ ಎಂಐಟಿ, ಮೊದಲ ಸೆಮಿಸ್ಟರಿನಲ್ಲಿ ಗ್ರೇಡನ್ನೇ ದಾಖಲಿಸುವುದಿಲ್ಲ. ದೊಡ್ಡ ಹೆಸರಿನ ಕಾಲೇಜಿನ 3.5ಕ್ಕೆ ಮೆಡಿಕಲ್ ಸ್ಕೂಲು ಸ್ವಲ್ಪ ರಿಯಾಯಿತಿ ಕೊಡಬಹುದು. ನೀವು ಅಂದುಕೊಂಡಷ್ಟು ಕೊಡುವುದಿಲ್ಲ.

ಕ್ಯಾಂಪಸ್ ನೋಡಲು ಹೋದಾಗ ಟೂರ್ ಗೈಡ್ ಹಿಂದೆ ಲೈಬ್ರರಿ ಸುತ್ತುವುದನ್ನು ಬಿಟ್ಟು, ಎರಡನೇ ವರ್ಷದ ಪ್ರೀ-ಮೆಡ್ ಮಕ್ಕಳನ್ನು ಹುಡುಕಿ. ಆರ್ಗ್ಯಾನಿಕ್ ಹೇಗಿದೆ, ಪ್ರೊಫೆಸರು ಆಫೀಸ್ ಅವರ್‌ನಲ್ಲಿ ಸಿಗುತ್ತಾರಾ, ಮಕ್ಕಳು ನೋಟ್ಸ್ ಹಂಚಿಕೊಳ್ಳುತ್ತಾರಾ ಮುಚ್ಚಿಡುತ್ತಾರಾ ಅಂತ ಕೇಳಿ. ಮಾತಾಡುವುದನ್ನು ಮಗಳಿಗೆ ಬಿಡಿ. ಅಪ್ಪ ಪಕ್ಕದಲ್ಲಿ ನಿಂತರೆ ಯಾರೂ ನಿಜ ಹೇಳುವುದಿಲ್ಲ.

ಹೆಜ್ಜೆ 5: "ನಮ್ಮ ಮಕ್ಕಳಲ್ಲಿ ಶೇಕಡಾ 90 ಮಂದಿಗೆ ಸೀಟು"

ಈ ಮಾತು ಬ್ರೋಷರಿನಲ್ಲಿ ಕಂಡರೆ ಒಂದೇ ಪ್ರಶ್ನೆ: ಎಷ್ಟು ಜನರಲ್ಲಿ?

ನೂರು ಮಕ್ಕಳು ಮೊದಲ ವರ್ಷ ಪ್ರೀ-ಮೆಡ್ ಎಂದು ಶುರು ಮಾಡಿದರು ಅಂದುಕೊಳ್ಳಿ. ಕೆಮಿಸ್ಟ್ರಿಯಲ್ಲಿ ಒಂದಷ್ಟು ಜನ ಬಿಟ್ಟರು, ಆರ್ಗ್ಯಾನಿಕ್‌ನಲ್ಲಿ ಇನ್ನಷ್ಟು. ಉಳಿದವರಿಗೆ ಕಾಲೇಜಿನ ಕಮಿಟಿ ಪತ್ರ ಬೇಕು. ಹಲವು ಕಾಲೇಜುಗಳಲ್ಲಿ ಪ್ರೊಫೆಸರುಗಳ ಕಮಿಟಿಯೊಂದು ಅರ್ಜಿದಾರರ ಬಗ್ಗೆ ಒಟ್ಟಾಗಿ ಶಿಫಾರಸು ಬರೆಯುತ್ತದೆ. ಗ್ರೇಡು ಸಾಲದವರಿಗೆ ಕೆಲವು ಕಮಿಟಿಗಳು ಪತ್ರ ಕೊಡುವುದಿಲ್ಲ, ಅಥವಾ ಈ ವರ್ಷ ಬೇಡ ಎನ್ನುತ್ತವೆ. ಕೊನೆಗೆ ಅರ್ಜಿ ಹಾಕಿದವರು ಇಪ್ಪತ್ತು, ಸೀಟು ಸಿಕ್ಕವರು ಹದಿನೆಂಟು. ಶೇಕಡಾ 90! ಸುಳ್ಳೇನಲ್ಲ, ಆದರೆ ಮಿಕ್ಕ ಎಂಬತ್ತು ಮಕ್ಕಳು ಎಲ್ಲಿ?

ಪ್ರೀ-ಹೆಲ್ತ್ ಸಲಹಾ ಆಫೀಸಿಗೆ ಹೀಗೆ ಕೇಳಿ. ಮೊದಲ ವರ್ಷ ಎಷ್ಟು ಮಂದಿ ಪ್ರೀ-ಮೆಡ್ ಎಂದು ಬರುತ್ತಾರೆ, ಅರ್ಜಿ ಹಾಕುವವರು ಎಷ್ಟು? ಕಮಿಟಿ ಪತ್ರ ಇದೆಯಾ, ಇದ್ದರೆ ಕೇಳಿದವರಿಗೆಲ್ಲ ಕೊಡುತ್ತೀರಾ? ಸಲಹೆಗಾರರು ಎಷ್ಟು ಮಂದಿ, ಒಬ್ಬರ ಕೆಳಗೆ ಎಷ್ಟು ಮಕ್ಕಳು? ಡಿಗ್ರಿ ಮುಗಿದು ಒಂದೆರಡು ವರ್ಷದ ಮೇಲೆ ಅರ್ಜಿ ಹಾಕಿದರೂ ಸಹಾಯ ಮಾಡುತ್ತೀರಾ? ಕೊನೆಯದನ್ನು ಮರೆಯಬೇಡಿ. ಈಗ ಮೆಡಿಕಲ್ ಸ್ಕೂಲು ಸೇರುವವರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮಕ್ಕಳು ಡಿಗ್ರಿಯ ನಂತರ ಕನಿಷ್ಠ ಒಂದು ವರ್ಷ ಬಿಡುವು ತೆಗೆದುಕೊಂಡವರೇ. ನಮ್ಮ ಮನೆಗಳಲ್ಲಿ ಇದನ್ನು "ವರ್ಷ ಹಾಳು" ಎನ್ನುತ್ತಾರೆ. ಇಲ್ಲಿ ಅದು ಮಾಮೂಲು.

ಉತ್ತರ ಕೊಡಲು ತಡಬಡಾಯಿಸುವ ಆಫೀಸಿದ್ದರೆ ಅದೂ ಒಂದು ಉತ್ತರ. ಎಎಎಂಸಿ ಪ್ರತಿ ವರ್ಷ ಹೆಚ್ಚು ಅರ್ಜಿದಾರರನ್ನು ಕಳಿಸುವ ಕಾಲೇಜುಗಳ ಪಟ್ಟಿ ಹಾಕುತ್ತದೆ. ಯುಸಿಎಲ್‌ಎ ಸಾಮಾನ್ಯವಾಗಿ ಮೇಲ್ತುದಿಯಲ್ಲಿರುತ್ತದೆ. ಅದು ಅರ್ಜಿ ಹಾಕಿದವರ ಎಣಿಕೆ, ಸೀಟು ಸಿಕ್ಕವರದ್ದಲ್ಲ. ವಾಟ್ಸಾಪಿನಲ್ಲಿ ಎರಡನ್ನೂ ಬೆರೆಸಿ ಕಳಿಸುತ್ತಾರೆ.

ಹೆಜ್ಜೆ 6: ರೋಗಿಗಳು ಎಷ್ಟು ದೂರ?

ಹೂಸ್ಟನ್‌ನಲ್ಲಿ ರೈಸ್ ಯೂನಿವರ್ಸಿಟಿಯ ರಸ್ತೆ ದಾಟಿದರೆ ಟೆಕ್ಸಾಸ್ ಮೆಡಿಕಲ್ ಸೆಂಟರ್. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಪಕ್ಕದಲ್ಲೇ ಯುಪಿಎಂಸಿ ಆಸ್ಪತ್ರೆಗಳು. ಬರ್ಮಿಂಗ್‌ಹ್ಯಾಮ್‌ನ ಯುಎಬಿ ಕ್ಯಾಂಪಸ್ಸಿನೊಳಗೇ ಆಸ್ಪತ್ರೆ ಇದೆ. ಕಾರು ಇಲ್ಲದ ಹತ್ತೊಂಬತ್ತರ ಮಗುವಿಗೆ ಇದು ದೊಡ್ಡ ಅನುಕೂಲ. ಹಾಗಂತ ಮೆಡಿಕಲ್ ಸ್ಕೂಲು ಇಲ್ಲದ ಕಾಲೇಜು ಬೇಡ ಎನ್ನಬೇಡಿ. ಪ್ರಿನ್ಸ್‌ಟನ್‌ಗೆ ಸ್ವಂತ ಮೆಡಿಕಲ್ ಸ್ಕೂಲು ಇಲ್ಲ. ಆಸ್ಪತ್ರೆ ಹತ್ತಿರವಿದ್ದೂ ವಾಲಂಟಿಯರ್ ಜಾಗಕ್ಕೆ ಉದ್ದ ಸಾಲಿರುವ ಕಡೆಗಿಂತ, ಸಣ್ಣ ಊರಿನ ಉಚಿತ ಕ್ಲಿನಿಕ್ಕು, ಆಂಬುಲೆನ್ಸ್ ಕೆಲಸ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್ ಎಷ್ಟೋ ಮೇಲು. ಕೇಳಬೇಕಾದ್ದು ಇಷ್ಟೇ: ಮೊದಲ ವರ್ಷದ ಮಗುವಿಗೆ ನಿಜವಾಗಿ ಒಳಗೆ ಹೋಗಲು ಎಷ್ಟು ತಿಂಗಳು ಕಾಯಬೇಕು?

ಲ್ಯಾಬಿನ ಸಂಶೋಧನೆಗೂ ಇದೇ ಪ್ರಶ್ನೆ. ಸಣ್ಣ ಕಾಲೇಜಿನಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳಿಲ್ಲ, ಹಾಗಾಗಿ ಪ್ರೊಫೆಸರ ಪಕ್ಕದಲ್ಲಿ ಕೆಲಸ ಮಾಡುವವರು ಡಿಗ್ರಿ ಮಕ್ಕಳೇ. ನಿಮ್ಮ ಮಗುವನ್ನು ಹೆಸರು ಹಿಡಿದು ಕರೆಯುವಷ್ಟು ಬಲ್ಲವರು ಬರೆದ ಶಿಫಾರಸು ಪತ್ರ ಓದಿದರೇ ಗೊತ್ತಾಗುತ್ತದೆ.

ಹೆಜ್ಜೆ 7: ಬಿಎಸ್-ಎಂಡಿ ಬೇಕಾ?

ಹೈಸ್ಕೂಲಿನಿಂದಲೇ ಮೆಡಿಕಲ್ ಸೀಟು ಕೈಗೆ ಕೊಡುವ ಕಾರ್ಯಕ್ರಮಗಳಿವು. ಬ್ರೌನ್‌ನ ಪಿಎಲ್‌ಎಂಇ ಎಂಟು ವರ್ಷ, ಎಂಕ್ಯಾಟ್ ಬೇಕಿಲ್ಲ. ನ್ಯೂಯಾರ್ಕ್‌ನ ಸಿಟಿ ಯೂನಿವರ್ಸಿಟಿಯದು ಏಳು ವರ್ಷ. ಮಿಸೌರಿ ಯೂನಿವರ್ಸಿಟಿಯ ಕಾನ್ಸಸ್ ಸಿಟಿ ಕ್ಯಾಂಪಸ್ಸಿನದು ಆರು ವರ್ಷ. ಊರಿನ ಎಂಬಿಬಿಎಸ್‌ನಂತೆ ಕಾಣುವುದರಿಂದ ನಮ್ಮವರಿಗೆ ಇವುಗಳ ಮೇಲೆ ಪ್ರಾಣ. ಸಿಗುವುದು ತೀರಾ ಕಷ್ಟ. ಸಿಕ್ಕರೂ ಷರತ್ತು ಓದಿ. ಜಿಪಿಎ ಎಷ್ಟು ಉಳಿಸಿಕೊಳ್ಳಬೇಕು, ಎಂಕ್ಯಾಟ್ ಬೇಕಾ, ಬೇರೆ ಸ್ಕೂಲಿಗೆ ಅರ್ಜಿ ಹಾಕಿದರೆ ಈ ಸೀಟು ಹೋಗುತ್ತದಾ, ವೀಸಾ ಮಕ್ಕಳಿಗೆ ಅವಕಾಶ ಇದೆಯಾ? ಹದಿನೇಳರ ಹುಡುಗನಿಗೆ ಡಾಕ್ಟರ್ ಆಗುವ ಆಸೆ ತನ್ನದೋ ಅಮ್ಮನದೋ ಗೊತ್ತಿಲ್ಲದಿದ್ದರೆ ಆರು ವರ್ಷದ್ದು ಬೇಡವೇ ಬೇಡ.

ಹೆಜ್ಜೆ 8: ಡಾಕ್ಟರ್ ಆಗದಿದ್ದರೆ?

ಮನಸ್ಸು ಬದಲಾಗುವ ಮಕ್ಕಳು ಬಹಳ. ಆಗ ಆ ಕಾಲೇಜಿನಲ್ಲಿ ಬೇರೆ ಏನಿದೆ? ಪಬ್ಲಿಕ್ ಹೆಲ್ತ್, ಡೇಟಾ ಸೈನ್ಸ್, ಎಕನಾಮಿಕ್ಸ್‌ಗೆ ಮೇಜರ್ ಬದಲಿಸಲು ಬಿಡುತ್ತಾರಾ? ಕೆಲವು ದೊಡ್ಡ ಯೂನಿವರ್ಸಿಟಿಗಳಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಒಳಗಿನಿಂದ ಬದಲಾಗುವುದು ಆಗದ ಮಾತು.

ಮೇಜರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಷ್ಟದ್ದು ತೆಗೆದುಕೊಳ್ಳಲಿ. ಇತಿಹಾಸ, ತತ್ವಶಾಸ್ತ್ರ ಓದಿ ಮೆಡಿಕಲ್‌ಗೆ ಹೋದವರೂ ಇದ್ದಾರೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಾತ್ರ ಹೆಸರಿನಲ್ಲಿ ಮೆಡಿಕಲ್ ಇದೆ ಅಂತ ತೆಗೆದುಕೊಳ್ಳಬೇಡಿ. ಕೋರ್ಸು ಭಾರ, ಜಿಪಿಎ ಇಳಿಯುತ್ತದೆ.

ಹೆಜ್ಜೆ 9: ಪಟ್ಟಿ ಮತ್ತು ಮೇ 1

ಹತ್ತು ಹನ್ನೆರಡು ಕಾಲೇಜು ಸಾಕು. ಅದರಲ್ಲಿ ಎರಡು ಮೂರು ನಿಮ್ಮ ರಾಜ್ಯದವು ಇರಲಿ, ಎರಡು ದೊಡ್ಡ ಸ್ಕಾಲರ್‌ಶಿಪ್ ಕೊಡುವಂಥವು ಇರಲಿ. ಏಪ್ರಿಲ್‌ನಲ್ಲಿ ಎಲ್ಲ ಉತ್ತರ ಬಂದಮೇಲೆ ನಾಲ್ಕು ವರ್ಷದ ನಿಜವಾದ ಖರ್ಚು, ಪ್ರೀ-ಹೆಲ್ತ್ ಆಫೀಸಿನ ಉತ್ತರ, ರೋಗಿಗಳ ದೂರ, ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು ಅಂತಲೂ ಪಕ್ಕದಲ್ಲಿ ಬರೆಯಿರಿ. ದುಡ್ಡು ಸಾಲದಿದ್ದರೆ ಸಹಾಯ ಹೆಚ್ಚಿಸಿ ಎಂದು ಕಾಲೇಜಿಗೆ ಬರೆಯಬಹುದು, ನಾಚಿಕೆ ಬೇಡ. ಮೇ 1ರೊಳಗೆ ಒಂದಕ್ಕೆ ಹೂಂ ಅನ್ನಬೇಕು.

ಸೀಟು ಒಪ್ಪಿದ ಮೇಲೆ ಬೇಸಿಗೆಯ ಓರಿಯಂಟೇಷನ್‌ಗೆ ಆದಷ್ಟು ಮೊದಲಿನ ದಿನಾಂಕ ಹಿಡಿಯಿರಿ. ತಡವಾದರೆ ಕೆಮಿಸ್ಟ್ರಿ ಲ್ಯಾಬಿನ ಒಳ್ಳೆಯ ಸಮಯಗಳು ತುಂಬಿಹೋಗಿರುತ್ತವೆ. ಹೈಸ್ಕೂಲಿನಲ್ಲಿ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ 5 ಬಂದಿದೆ ಅಂತ ಜನರಲ್ ಕೆಮಿಸ್ಟ್ರಿ ಬಿಟ್ಟು ನೇರ ಆರ್ಗ್ಯಾನಿಕ್‌ಗೆ ಹಾರುವ ಮೊದಲು, ನಿಮ್ಮ ರಾಜ್ಯದ ಮೆಡಿಕಲ್ ಸ್ಕೂಲುಗಳು ಎಪಿ ಕ್ರೆಡಿಟ್ ಒಪ್ಪುತ್ತವಾ ಅಂತ ಎಂಎಸ್‌ಎಆರ್‌ನಲ್ಲಿ ನೋಡಿ. ಮೊದಲ ಸೆಮಿಸ್ಟರಿನಲ್ಲಿ ಲ್ಯಾಬ್ ಇರುವ ಸೈನ್ಸ್ ಕೋರ್ಸು ಒಂದು, ಹೆಚ್ಚೆಂದರೆ ಎರಡು ಸಾಕು.